ದಿನದ ಬದುಕಿನಲ್ಲಿ ಪಾವಿತ್ರ್ಯ: ಕಥೋಲಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ, ಧರ್ಮೋಪದೇಶ ತರಗತಿಗೆ ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರಿಂದ, ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಗುರು (ಪಾದ್ರಿ) ಅಲ್ಲ, ಧರ್ಮೋಪದೇಶ ಹೇಳಿಕೊಡುವ ಸಂಸಾರಸ್ಥ. ನಿಮ್ಮ ಮನಸ್ಸಾಕ್ಷಿಗೆ ಸೇರಿದ ವಿಷಯಗಳನ್ನು ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರ ಕೂತು ಮಾತಾಡಿ.

## ಶುರುವಿನ ಪ್ರಶ್ನೆಗಳು

"ಸಂತರಾಗೋದು ಫಾದರ್, ಸಿಸ್ಟರ್‌ಗಳ ಕೆಲಸ ಅಲ್ವಾ? ಸಂಸಾರ ಇರೋ ನಮಗೆ ಅದೆಲ್ಲ ಯಾಕೆ?"

ಎಲ್ಲರಿಗೂ ಇದೆ ಈ ಕರೆ. ಲೋಕದ ಕಥೋಲಿಕ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಹೊರಡಿಸಿದ 'ಲೂಮೆನ್ ಜೆನ್ಸಿಯುಮ್' ದಸ್ತಾವೇಜಿನ ಐದನೇ ಅಧ್ಯಾಯ ಪೂರ್ತಿ ಇದೇ ವಿಷಯಕ್ಕೆ ಮೀಸಲು. ಯಾವ ಕೆಲಸ ಮಾಡುವವರಾಗಲಿ, ಮದುವೆಯಾದವರಾಗಲಿ ಆಗದವರಾಗಲಿ, ದೀಕ್ಷಾಸ್ನಾನ ಪಡೆದ ಎಲ್ಲರನ್ನೂ ದೇವರು ಪಾವಿತ್ರ್ಯಕ್ಕೆ ಕರೆದಿದ್ದಾರೆ ಅನ್ನುವುದು ಅದರ ಸಾರ.

ಇದು ಬರೀ ಕಾಗದದ ಮಾತಲ್ಲ. ಫ್ರಾನ್ಸಿನ ಲೂಯಿ ಮಾರ್ಟಿನ್ ಗಡಿಯಾರದ ಕೆಲಸ ಮಾಡುತ್ತಿದ್ದವರು. ಹೆಂಡತಿ ಝೆಲಿ ಲೇಸ್ ಹೆಣೆಸಿ ಮಾರುತ್ತಿದ್ದರು, ಕೆಲಸದವರಿಗೆ ಕೂಲಿ ಕೊಡುವುದು, ಗಿರಾಕಿಗಳಿಗೆ ಜವಾಬು ಹೇಳುವುದು ಎಲ್ಲ ಅವರ ತಲೆ ಮೇಲೆ. ಒಂಬತ್ತು ಮಕ್ಕಳು ಹುಟ್ಟಿ, ನಾಲ್ವರನ್ನು ಎಳೆವಯಸ್ಸಿನಲ್ಲೇ ಮಣ್ಣು ಮಾಡಿದರು. ಝೆಲಿ 1877ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಇಬ್ಬರನ್ನೂ ಒಟ್ಟಿಗೆ ಸಂತರೆಂದು ಸಾರಿದರು. ಗಂಡ ಹೆಂಡತಿ ಜೊತೆಯಾಗಿ ಸಂತ ಪದವಿ ಪಡೆದದ್ದು ಅದೇ ಮೊದಲು. ನಾವು ಪುಟ್ಟ ತೆರೇಸ ಅಂತ ಕರೆಯುವ ಲಿಸ್ಯೂ ಸಂತ ತೆರೇಸಮ್ಮ ಇವರದೇ ಮಗಳು. 2025ರ ಸೆಪ್ಟೆಂಬರ್ 7ರಂದು ಸಂತರಾದ ಕಾರ್ಲೊ ಅಕ್ಯುಟಿಸ್ ತೀರಿಕೊಂಡಾಗ ಅವರಿಗೆ ಬರೀ 15 ವರ್ಷ, ಶಾಲೆಗೆ ಹೋಗುವ ಹುಡುಗ.

"ಪಾವಿತ್ರ್ಯ ಅಂದ್ರೆ ಒಂದು ತಪ್ಪೂ ಮಾಡದೆ ಇರೋದಾ? ಹಾಗಾದ್ರೆ ನನ್ನ ಕೈಲಾಗಲ್ಲ."

ನಿಮ್ಮ ಪರಲೋಕದ ತಂದೆ ಪರಿಪೂರ್ಣರಾಗಿರುವ ಹಾಗೆ ನೀವೂ ಇರಿ ಎಂದು ಯೇಸುಸ್ವಾಮಿ ಹೇಳಿದ್ದು ನಿಜ. ಅದು ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದ ಕೊನೆಯ ವಾಕ್ಯ. ಆದರೆ ಅದರ ಹಿಂದಿನ ಸಾಲುಗಳನ್ನು ಓದಿ. ಶತ್ರುವನ್ನು ಪ್ರೀತಿಸಿ, ಹಿಂಸಿಸುವವರಿಗಾಗಿ ಪ್ರಾರ್ಥಿಸಿ ಅನ್ನುತ್ತಾರೆ. ತಂದೆ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಸೂರ್ಯನನ್ನು ಉದಯಿಸುತ್ತಾರೆ ಅನ್ನುತ್ತಾರೆ. ಅಲ್ಲಿ ಪರಿಪೂರ್ಣತೆಯ ಅಳತೆ ಪ್ರೀತಿ. ನಮಗೆ ಆಗದವರ ತನಕವೂ ಮುಟ್ಟುವ ಪ್ರೀತಿ.

ಶಿಷ್ಯ ಪೇತ್ರ ಮೂರು ಸಲ ಯೇಸುವನ್ನು ಗೊತ್ತಿಲ್ಲ ಅಂದವನು. ಅತ್ತು, ವಾಪಸ್ ಬಂದ. ಯೇಸು ಅವನನ್ನು ಕೇಳಿದ್ದು ನನ್ನನ್ನು ಪ್ರೀತಿಸುತ್ತೀಯಾ ಅಂತ ಮಾತ್ರ. ನಿಮ್ಮ ಕೈಲಾಗಲ್ಲ ಅನ್ನುವ ಮಾತನ್ನು ಅಲ್ಲಿಂದ ಮತ್ತೊಮ್ಮೆ ಯೋಚಿಸಿ.

"ಜಾಸ್ತಿ ಪ್ರಾರ್ಥನೆ ಮಾಡೋಕೆ ಟೈಮ್ ಇಲ್ಲ. ಕಡಿಮೆ ಅಂದ್ರೆ ಏನು ಮಾಡಬೇಕು?"

ಬೆಳಿಗ್ಗೆ ಎದ್ದ ತಕ್ಷಣ, ಫೋನ್ ಮುಟ್ಟುವ ಮೊದಲು, ಶಿಲುಬೆ ಗುರುತು ಹಾಕಿ ಆ ದಿನವನ್ನು ದೇವರಿಗೆ ಒಪ್ಪಿಸಿ. ಎರಡು ವಾಕ್ಯ ಸಾಕು. ಆ ದಿನದ ಶುಭಸಂದೇಶದ ಭಾಗವನ್ನು ಒಂದು ಸಲ ನಿಧಾನವಾಗಿ ಓದಿ, ಬಸ್ಸಿನಲ್ಲಾದರೂ ಸರಿ.

ರಾತ್ರಿ ಮಲಗುವ ಮೊದಲು ಐದು ನಿಮಿಷ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ ಹಾಗೆ ದಿನವನ್ನು ತಿರುಗಿ ನೋಡಿ. ಮೊದಲು ಥ್ಯಾಂಕ್ಸ್ ಹೇಳಬೇಕು. ಆಮೇಲೆ ಸರಿಯಾಗಿ ಕಾಣುವಂತೆ ಬೆಳಕು ಕೇಳಬೇಕು. ಬೆಳಗಿನಿಂದ ರಾತ್ರಿಯವರೆಗೆ ನಡೆದದ್ದನ್ನು ನೋಡಬೇಕು, ತಪ್ಪಿದ್ದಕ್ಕೆ ಕ್ಷಮೆ ಕೇಳಬೇಕು, ನಾಳೆಗೆ ಒಂದು ನಿರ್ಧಾರ ಮಾಡಬೇಕು. ತಪ್ಪಿನ ಪಟ್ಟಿಯಿಂದ ಶುರು ಮಾಡುವವರೇ ಜಾಸ್ತಿ. ಮೊದಲ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

"ಭಾನುವಾರ ಶಿಫ್ಟ್ ಇರುತ್ತೆ. ಯೂಟ್ಯೂಬ್‌ನಲ್ಲಿ ಪೂಜೆ ನೋಡಿದ್ರೆ ನಡೆಯುತ್ತಾ?"

ಶನಿವಾರ ಸಂಜೆಯ ಬಲಿಪೂಜೆಗೆ ಹೋದರೆ ಭಾನುವಾರದ ಕರ್ತವ್ಯ ಪೂರೈಸಿದಂತೆಯೇ. ಕಾಯಿಲೆಯವರು, ಹಸುಗೂಸು ನೋಡಿಕೊಳ್ಳುವವರು, ನಿಜವಾಗಿ ಬರಲಾಗದವರು ತಪ್ಪಿಸಿಕೊಂಡರೆ ಪಾಪವಲ್ಲ. ಅವರಿಗೆ ಪರದೆಯ ಮೇಲಿನ ಪೂಜೆ ದೊಡ್ಡ ಆಸರೆ. ಬರಲು ಆಗುವವರಿಗೆ ಅದು ಸಾಲದು. ಪರಮಪ್ರಸಾದವನ್ನು ಪರದೆಯಿಂದ ಸ್ವೀಕರಿಸಲು ಆಗುವುದಿಲ್ಲ. ಪ್ರತಿ ವಾರ ತೊಂದರೆಯಾಗುತ್ತಿದ್ದರೆ ಗುರುಗಳಿಗೆ ಹೇಳಿ. ವಿನಾಯಿತಿ ಕೊಡುವ ಅಧಿಕಾರ ಅವರಿಗಿದೆ.

## ಮನೆಯೊಳಗೆ

"ಸಂಜೆ ಜಪಸರಕ್ಕೆ ಕೂತ್ರೆ ಯಾರಿಗೂ ಗಮನ ಇಲ್ಲ. ಇಂಥ ಪ್ರಾರ್ಥನೆ ಮಾಡಿ ಏನು ಪ್ರಯೋಜನ?"

ನಮ್ಮ ಎಷ್ಟೋ ಮನೆಗಳಲ್ಲಿ ಇದು ಹೀಗೇ ನಡೆಯುತ್ತದೆ. ಏಳೂವರೆಗೆ ಯೇಸುವಿನ ತಿರುಹೃದಯದ ಪಟದ ಮುಂದೆ ದೀಪ ಹಚ್ಚುತ್ತಾರೆ. ಅಜ್ಜಿ ಗೋಡೆಗೆ ಒರಗಿ ಕೂತಿರುತ್ತಾರೆ. ಎರಡನೇ ರಹಸ್ಯಕ್ಕೆ (ಜಪಸರದ ಹತ್ತು ಮಣಿಗಳ ಒಂದು ಭಾಗಕ್ಕೆ ರಹಸ್ಯ ಅನ್ನುತ್ತೇವೆ) ಕುಕ್ಕರ್ ಕೂಗುತ್ತದೆ, ಅಮ್ಮ "ನಮೋ ಮರಿಯ" ಹೇಳುತ್ತಲೇ ಎದ್ದು ಹೋಗಿ ಒಲೆ ಆರಿಸಿ ಬರುತ್ತಾರೆ. ಚಿಕ್ಕವನು ಮಣಿ ಎಣಿಸುತ್ತಾ ಹನ್ನೊಂದನೆಯದಕ್ಕೆ ಹೋಗಿಬಿಡುತ್ತಾನೆ. ದೊಡ್ಡವಳ ಕಣ್ಣು ಸೋಫಾ ಮೇಲೆ ಉಲ್ಟಾ ಇಟ್ಟ ಫೋನಿನ ಮೇಲೆ.

ಪ್ರಯೋಜನ ಇದೆ. ಮನೆಯನ್ನು 'ಲೂಮೆನ್ ಜೆನ್ಸಿಯುಮ್' ಪುಟ್ಟ ಧರ್ಮಸಭೆ ಅನ್ನುತ್ತದೆ. ಅಲ್ಲಿ ಮಕ್ಕಳಿಗೆ ಮೊದಲು ನಂಬಿಕೆ ಕಲಿಸುವವರು ತಂದೆ ತಾಯಿ. ಗಮನ ಓಡಿಹೋದರೆ ಪ್ರಾರ್ಥನೆ ಹಾಳಾಗಲಿಲ್ಲ. ಓಡಿಹೋಯಿತು ಅಂತ ಗೊತ್ತಾದಾಗ ವಾಪಸ್ ತಂದರೆ ಆಯಿತು. ಐದೂ ರಹಸ್ಯ ಜಗಳದಲ್ಲಿ ಮುಗಿಸುವ ಬದಲು ಒಂದೇ ರಹಸ್ಯ ಸಮಾಧಾನವಾಗಿ ಹೇಳಿ. ಯಾರಿಗೆ ಏನು ಬೇಡಬೇಕು ಅಂತ ಮಕ್ಕಳನ್ನೇ ಕೇಳಿ. ಪ್ರಾರ್ಥನೆಯ ಹೊತ್ತಲ್ಲಿ ಬೈಯಬೇಡಿ. ಬೈಗುಳದ ನೆನಪು ಜಪಸರಕ್ಕೆ ಅಂಟಿಕೊಂಡರೆ ಬಿಡಿಸುವುದು ಕಷ್ಟ.

"ಅತ್ತೆ ಹಾಸಿಗೆ ಹಿಡಿದಿದ್ದಾರೆ. ಚರ್ಚಿಗೂ ಹೋಗೋಕಾಗ್ತಿಲ್ಲ, ಕೋಪಾನೂ ಬರುತ್ತೆ. ನನ್ನ ಭಕ್ತಿ ಎಲ್ಲ ಹೋಯ್ತು ಅನ್ಸುತ್ತೆ."

ಈ ಪ್ರಶ್ನೆ ಕೇಳಿದವರು ಒಬ್ಬರಲ್ಲ, ಕೇಳಿದವರೆಲ್ಲ ಹೆಂಗಸರೇ.

ಬಿಷಪ್ ಆಗಿದ್ದ ಸಂತ ಫ್ರಾನ್ಸಿಸ್ ದ ಸೇಲ್ಸ್ 1609ರಲ್ಲೇ, ಸಂಸಾರದ ನಡುವೆ ಇರುವವರಿಗಾಗಿ ಬರೆದರು. ಅವರು ಹೇಳುವುದು ಇಷ್ಟು: ಭಕ್ತಿ ಒಬ್ಬೊಬ್ಬರ ಜೀವನಕ್ಕೆ ತಕ್ಕ ಹಾಗೆ ಇರಬೇಕು. ಕುಶಲಕರ್ಮಿ ಸನ್ಯಾಸಿಯ ಹಾಗೆ ಇಡೀ ದಿನ ಚರ್ಚಿನಲ್ಲಿ ಕೂತರೆ ಅದು ಸರಿಯಾದ ಭಕ್ತಿಯಲ್ಲ. ನಮಗೆ ವಹಿಸಿದ ಕೆಲಸಕ್ಕೆ ಅಡ್ಡ ಬರುವ ಭಕ್ತಿ ಸುಳ್ಳು ಭಕ್ತಿ. ಸಂತ ವಿನ್ಸೆಂಟ್ ದ ಪಾಲ್ ತಮ್ಮ ಸಭೆಯ ಸಿಸ್ಟರ್‌ಗಳಿಗೆ ಇನ್ನೂ ನೇರವಾಗಿ ಹೇಳಿದರು. ಪ್ರಾರ್ಥನೆಯ ನಡುವೆ ಬಡ ರೋಗಿ ಕರೆದರೆ ಎದ್ದು ಹೋಗಿ, ಅದು ದೇವರಿಗಾಗಿ ದೇವರನ್ನು ಬಿಟ್ಟು ಹೋದ ಹಾಗೆ.

ಹಾಗಾಗಿ ನೀವು ಅತ್ತೆಯ ಬೆನ್ನು ಒರೆಸಿ, ಪಕ್ಕ ಹೊರಳಿಸಿ, ಬೆಡ್‌ಶೀಟ್ ಬದಲಿಸುವುದು ಭಕ್ತಿಗೆ ಅಡ್ಡಿಯಲ್ಲ. ಈಗ ನಿಮ್ಮ ಭಕ್ತಿ ಇರುವುದೇ ಅಲ್ಲಿ. ಸುಸ್ತಾದ ಮೈಯಿಂದ ಉಕ್ಕಿ ಬರುವ ಕೋಪ ತಾನಾಗಿಯೇ ಪಾಪವಲ್ಲ. ಆ ಕೋಪದಲ್ಲಿ ಕೈ ಒರಟಾದರೆ, ಮಾತು ಚುಚ್ಚಿದರೆ, ಅಲ್ಲಿ ಕ್ಷಮೆ ಕೇಳಬೇಕು. ಅತ್ತೆಯ ಹತ್ತಿರವೂ.

ಇನ್ನೆರಡು ಮಾತು. ಹಾಸಿಗೆ ಹಿಡಿದವರಿಗೆ ಮನೆಗೇ ಪರಮಪ್ರಸಾದ ತರುತ್ತಾರೆ, ಧರ್ಮಕೇಂದ್ರಕ್ಕೆ ತಿಳಿಸಿ. ನೀವೂ ಅಲ್ಲೇ ಸ್ವೀಕರಿಸಬಹುದು. ಮತ್ತೆ, ನಿಮ್ಮ ಯಜಮಾನರೂ, ಅವರ ಅಣ್ಣ ತಂಗಿಯರೂ ದೀಕ್ಷಾಸ್ನಾನ ಪಡೆದವರೇ. ಇದು ಅವರ ತಾಯಿ. ವಾರಕ್ಕೊಂದು ರಾತ್ರಿ ಅವರು ಎದ್ದಿರಲಿ, ನೀವು ಮಲಗಿ. ಒಬ್ಬಳೇ ಸವೆದುಹೋಗಬೇಕು ಅಂತ ಧರ್ಮಸಭೆ ಎಲ್ಲೂ ಹೇಳಿಲ್ಲ.

"ನಮ್ಮ ಯಜಮಾನ್ರು ಹಿಂದೂ. ಮನೇಲಿ ನಾನೊಬ್ಬಳೇ ಕಥೋಲಿಕಳು. ನನ್ನ ನಂಬಿಕೆ ಹೇಗೆ ಉಳಿಸಿಕೊಳ್ಳಲಿ?"

ಸಂತ ಮೋನಿಕಾ ನಿಮ್ಮ ಜಾಗದಲ್ಲೇ ಇದ್ದವರು. ಗಂಡ ಪತ್ರೀಸಿಯುಸ್ ಕ್ರೈಸ್ತರಲ್ಲ, ಮುಂಗೋಪಿ ಬೇರೆ. ಮೋನಿಕಾ ವಾದ ಮಾಡಿ ಅವರನ್ನು ಗೆಲ್ಲಲಿಲ್ಲ. ಬದುಕಿನ ಕೊನೆಯ ಹೊತ್ತಿಗೆ ಅವರೇ ದೀಕ್ಷಾಸ್ನಾನ ಬೇಡಿದರು. ಹಾಗಂತ ನಿಮ್ಮವರನ್ನು ಬದಲಾಯಿಸುವುದು ನಿಮ್ಮ ಗುರಿಯಾಗಬೇಕಿಲ್ಲ. ಪ್ರೀತಿಯಿಂದ, ಪ್ರಾಮಾಣಿಕವಾಗಿ ಬದುಕಿ. ಕ್ರೈಸ್ತರಲ್ಲದ ಗಂಡ ಹೆಂಡತಿಯ ಮೂಲಕ ಪವಿತ್ರಗೊಳ್ಳುತ್ತಾನೆ ಎಂದು ಪೌಲರು ಕೊರಿಂಥದವರಿಗೆ ಬರೆದಿದ್ದಾರೆ.

ಅವರ ಮನೆಯ ಹಬ್ಬದಲ್ಲಿ ಅಡುಗೆ ಮಾಡಿ, ಎಲ್ಲರ ಜೊತೆ ಕೂತು ಉಣ್ಣಿ, ಹಿರಿಯರನ್ನು ಗೌರವಿಸಿ. ಪೂಜೆ ಸಲ್ಲಿಸುವ ವಿಷಯ ಬಂದಾಗ ನಿಮ್ಮ ಮಿತಿಯನ್ನು ಮೊದಲೇ, ಜಗಳವಿಲ್ಲದೆ ಹೇಳಿಡಿ. ಧರ್ಮಾಧ್ಯಕ್ಷರ (ಬಿಷಪ್) ಅನುಮತಿಯಿಲ್ಲದೆ ಮದುವೆ ಆಗಿದ್ದರೆ ಈಗಲೂ ಸರಿಪಡಿಸಬಹುದು. ಎಷ್ಟೋ ಹೆಂಗಸರು ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಪರಮಪ್ರಸಾದದಿಂದ ದೂರ ಉಳಿದುಬಿಡುತ್ತಾರೆ. ಹೋಗಿ ಕೇಳಿ.

## ಕೆಲಸ, ದುಡ್ಡು, ಮಾತು

"ಆಫೀಸಲ್ಲಿ ಎಲ್ಲರೂ ಲಂಚ ತಗೋತಾರೆ. ನಾನು ತಗೊಂಡದ್ದನ್ನ ಪಾಪನಿವೇದನೆಯಲ್ಲಿ ಹೇಳಿದೀನಿ. ಮುಗೀತಲ್ವಾ?"

ಪೂರ್ತಿ ಮುಗಿಯಲಿಲ್ಲ. ಕಿತ್ತುಕೊಂಡದ್ದನ್ನು ವಾಪಸ್ ಕೊಡುವುದು ನ್ಯಾಯದ ಸಾಲ, ಆಗುವ ಮಟ್ಟಿಗೆ ಅದನ್ನು ತೀರಿಸಬೇಕು ಎಂದು ಧರ್ಮಸಭೆಯ ಬೋಧನೆ ಹೇಳುತ್ತದೆ. ಪಾಪಕ್ಷಮೆ ಆ ಸಾಲವನ್ನು ಮನ್ನಾ ಮಾಡುವುದಿಲ್ಲ. ಜೆರಿಕೊ ಊರಿನ ಸುಂಕದವನು ಜಕ್ಕಾಯ, ಯೇಸು ತಾವಾಗಿಯೇ ಅವನ ಮನೆಗೆ ಬಂದ ದಿನ, ಏನು ಮಾಡಿದ? ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದವರಿಗೆ ನಾಲ್ಕರಷ್ಟು ಅಂತ ಎಲ್ಲರ ಮುಂದೆ ಎದ್ದು ನಿಂತು ಹೇಳಿದ. ಯಾರಿಂದ ತೆಗೆದುಕೊಂಡಿರಿ ಎಂದು ಗೊತ್ತಿದ್ದರೆ ಅವರಿಗೇ ತಲುಪಿಸಿ. ಹುಡುಕಲು ಆಗದಿದ್ದರೆ ಬಡವರಿಗೆ ಸೇರಲಿ. ಹೇಗೆ ಅಂತ ಪಾಪನಿವೇದನೆ ಕೇಳಿದ ಗುರುಗಳನ್ನೇ ವಿಚಾರಿಸಿ.

ನ್ಯಾಯವಾಗಿ ಸಿಗಬೇಕಾದದ್ದನ್ನು ತಡೆದಿಟ್ಟು ದುಡ್ಡು ಹಿಂಡುವಾಗ ಸೋತು ಕೊಟ್ಟವನ ಸ್ಥಿತಿ ಬೇರೆ. ಅವನ ಮೇಲೆ ಬಲವಂತ ನಡೆದಿದೆ. ಆದರೆ ಬೇರೆಯವರ ಸರದಿ ಹಾರಿ ಮುಂದೆ ಹೋಗಲು ಕೊಟ್ಟದ್ದಕ್ಕೆ ಆ ನೆಪ ಹೊಂದುವುದಿಲ್ಲ.

"ನಾನು ಹೇಳಿದ್ದು ನಿಜಾನೇ. ನಿಜ ಹೇಳಿದ್ರೆ ಪಾಪ ಹೇಗಾಗುತ್ತೆ?"

ಧರ್ಮೋಪದೇಶದಲ್ಲಿ ಇಲ್ಲಿ ಮೂರು ಬೇರೆ ಬೇರೆ ತಪ್ಪುಗಳಿವೆ. ಆಧಾರವಿಲ್ಲದೆ ಒಬ್ಬರನ್ನು ಕೆಟ್ಟವರು ಅಂತ ಮನಸ್ಸಿನಲ್ಲೇ ತೀರ್ಮಾನಿಸುವುದು. ಸುಳ್ಳು ಹೇಳಿ ಹೆಸರು ಕೆಡಿಸುವುದು. ಮೂರನೆಯದೇ ನಿಮ್ಮ ಪ್ರಶ್ನೆ: ಸರಿಯಾದ ಕಾರಣವಿಲ್ಲದೆ, ಒಬ್ಬರ ನಿಜವಾದ ತಪ್ಪನ್ನು ಗೊತ್ತಿಲ್ಲದವರಿಗೆ ಹೇಳುವುದು. ಪಕ್ಕದ ಮನೆ ಹುಡುಗಿ ಎಲ್ಲಿಗೆ ಹೋಗಿದ್ದಳು ಅಂತ ಗ್ರೂಪಿಗೆ ಹಾಕಿದ ಸಂದೇಶ ನಿಜವೇ ಇರಬಹುದು. ಅವಳ ಹೆಸರನ್ನು ಅವಳಿಂದ ಕಿತ್ತುಕೊಂಡಂತಾಯಿತು, ಅಲ್ವಾ?

ಪೋಪ್ ಫ್ರಾನ್ಸಿಸ್ 2018ರ ಮಾರ್ಚ್ 19ರಂದು ಪಾವಿತ್ರ್ಯದ ಕುರಿತೇ ಹೊರಡಿಸಿದ ಪತ್ರದಲ್ಲಿ ಕೊಡುವ ಉದಾಹರಣೆ ನೋಡಿ. ಒಬ್ಬ ಹೆಂಗಸು ಮಾರ್ಕೆಟ್ಟಿಗೆ ಹೋಗುತ್ತಾಳೆ. ಪರಿಚಯದವಳು ಸಿಗುತ್ತಾಳೆ. ಮಾತು ಇನ್ನೊಬ್ಬರ ವಿಷಯಕ್ಕೆ ತಿರುಗುತ್ತದೆ. ಇಲ್ಲ, ನಾನು ಯಾರ ಬಗ್ಗೆಯೂ ಕೆಟ್ಟದ್ದು ಆಡಲ್ಲ ಅಂತ ಅವಳು ಮನಸ್ಸಿನಲ್ಲೇ ನಿರ್ಧರಿಸುತ್ತಾಳೆ. ಅದು ಪಾವಿತ್ರ್ಯದ ಕಡೆಗೆ ಒಂದು ಹೆಜ್ಜೆ ಅನ್ನುತ್ತಾರೆ ಪೋಪ್.

ಆದರೆ ಯಾರಿಗಾದರೂ ಅಪಾಯ ಇದ್ದಾಗ ಬಾಯಿ ಮುಚ್ಚಿಕೊಳ್ಳುವುದು ಪುಣ್ಯವಲ್ಲ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ, ಮಾಡಿದವರು ಯಾರೇ ಆಗಿರಲಿ, ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ಚರ್ಚಿನ ಹೆಸರು ಕೆಡುತ್ತದೆ ಅನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ.

"ದಿನಾ ಪೂಜೆಗೆ ಬರೋರೇ ಮದುವೆಗೆ ಜಾತಿ ನೋಡ್ತಾರೆ. ಇದು ಹೇಗೆ ಸರಿ?"

ಸರಿಯಲ್ಲ. ಜಾತಿ ಮೇಲು ಕೀಳನ್ನು ದೇವರ ಇಚ್ಛೆಗೆ ವಿರುದ್ಧ ಅಂತಲೇ ನೋಡಬೇಕು. ಎರಡನೇ ವ್ಯಾಟಿಕನ್ ಮಹಾಸಭೆ ಹುಟ್ಟು, ಬಣ್ಣ, ಅಂತಸ್ತಿನ ಭೇದದ ಬಗ್ಗೆ ಇದನ್ನೇ ಹೇಳಿದೆ.

ನಮ್ಮ ದೇಶದ ಗೃಹಸ್ಥರಲ್ಲಿ ಮೊದಲು ಸಂತರಾದ ದೇವಸಹಾಯಂ ಅವರ ಕಥೆಯಲ್ಲೇ ಇದಕ್ಕೆ ಉತ್ತರವಿದೆ. 1712ರಲ್ಲಿ ಈಗಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂನಲ್ಲಿ ಮೇಲ್ಜಾತಿಯಲ್ಲಿ ಹುಟ್ಟಿದವರು, ತಿರುವಾಂಕೂರು ಅರಮನೆಯ ಅಧಿಕಾರಿ. 1745ರಲ್ಲಿ ದೀಕ್ಷಾಸ್ನಾನ ಪಡೆದರು. ಆಮೇಲೆ ಕೆಳಜಾತಿಯವರು ಅಂತ ದೂರ ಇಟ್ಟವರ ಜೊತೆ ಬೆರೆತರು, ಎಲ್ಲರೂ ಸಮಾನರು ಅಂತ ಸಾರಿದರು. ಅವರನ್ನು ಬಂಧಿಸಿ, ಚಿತ್ರಹಿಂಸೆ ಕೊಟ್ಟು, 1752ರ ಜನವರಿ 14ರಂದು ಗುಂಡಿಟ್ಟು ಕೊಂದರು. 2022ರ ಮೇ 15ರಂದು ಅವರು ಸಂತರಾದಾಗ ಧರ್ಮಸಭೆ ಬಳಸಿದ ಹೆಸರಿನಲ್ಲಿ ಜಾತಿಸೂಚಕ 'ಪಿಳ್ಳೈ' ಇರಲಿಲ್ಲ. ಆ ಸಂತರ ಪಟವನ್ನು ಗೋಡೆಗೆ ಹಾಕಿ, ಅದೇ ಗೋಡೆಯ ಕೆಳಗೆ ಕೂತು ಜಾತಿ ವಿಚಾರಿಸುವುದು ನನಗೆ ನುಂಗಲಾರದ ಸಂಗತಿ. ಪಾಪನಿವೇದನೆಯಲ್ಲಿ ನಾವು ಹೇಳಬೇಕಾದ ಪಾಪಗಳ ಸಾಲಿಗೆ ಇದನ್ನೂ ಸೇರಿಸಬೇಕು.

## ಇನ್ನೂ ಆಳದ ಪ್ರಶ್ನೆಗಳು

"ದೋರ್ನಹಳ್ಳಿ ಅಂತೋಣಿಯಪ್ಪನಿಗೆ ಹರಕೆ ಹೊತ್ತೆ. ಕೆಲಸ ಆಗಲಿಲ್ಲ. ಹರಕೆ ತೀರಿಸದಿದ್ರೆ ಕೆಟ್ಟದಾಗುತ್ತಾ?"

ಆಗುವುದಿಲ್ಲ. ಸಂತರು ನಮಗಾಗಿ ಬೇಡುವವರು, ಬಾಕಿ ವಸೂಲಿ ಮಾಡುವವರಲ್ಲ. ಹರಕೆ ನಿಜವಾಗಿ ಸಲ್ಲುವುದು ದೇವರಿಗೆ. ಇಂಥದ್ದು ಆದರೆ ಹೀಗೆ ಮಾಡುತ್ತೇನೆ ಅಂತ ಹೊತ್ತ ಹರಕೆಯಾದರೆ, ಅದು ಆಗದೆ ಇದ್ದಾಗ ಹರಕೆಯೂ ಕಟ್ಟಿಹಾಕುವುದಿಲ್ಲ. ಕೆಲಸ ಆಗಿ, ತೀರಿಸಲು ಶಕ್ತಿ ಇಲ್ಲದೆ ಹೋದರೂ ಹೆದರಬೇಡಿ. ಸ್ವಂತವಾಗಿ ಹೊತ್ತ ಹರಕೆಯಿಂದ ಬಿಡಿಸುವ, ಬೇರೆ ಪುಣ್ಯಕಾರ್ಯಕ್ಕೆ ಬದಲಿಸುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗಿದೆ.

"ಪಾಪನಿವೇದನೆ ಮಾಡಿ ಬಂದ ವಾರದಲ್ಲೇ ಮತ್ತೆ ಕುಡೀತೀನಿ. ಮತ್ತೆ ಹೋಗೋಕೆ ನಾಚಿಕೆ."

ಮತ್ತೆ ಹೋಗಿ. ಗಟ್ಟಿಯಾದ ಚಟ ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಹುದು ಅಂತ ಧರ್ಮಸಭೆಯೇ ಒಪ್ಪುತ್ತದೆ. ಡಬ್ಲಿನ್ ನಗರದ ಕೂಲಿಯಾಳು ಮ್ಯಾಟ್ ಟಾಲ್ಬಟ್ ಹುಡುಗನಾಗಿದ್ದಾಗಲೇ ಕುಡಿತಕ್ಕೆ ಬಿದ್ದವರು. ಕುಡಿಯಲು ದುಡ್ಡಿಲ್ಲದೆ ಬೀದಿ ಪಿಟೀಲು ವಾದಕನ ಪಿಟೀಲನ್ನೇ ಕದ್ದಿದ್ದರು. 1884ರಲ್ಲಿ, 28ರ ವಯಸ್ಸಿನಲ್ಲಿ, ಕೈ ಖಾಲಿ ಇದ್ದ ಒಂದು ದಿನ ಗೆಳೆಯರು ಯಾರೂ ಕುಡಿಸಲಿಲ್ಲ. ಮನೆಗೆ ಹೋಗಿ ಕುಡಿತ ಬಿಡುವ ಪ್ರತಿಜ್ಞೆ ಮಾಡಿದರು. ಮೊದಲು ಮೂರೇ ತಿಂಗಳಿಗೆ. ಆಮೇಲೆ ಮುಂದುವರಿಸಿದರು. 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ತೀರಿಕೊಳ್ಳುವವರೆಗೆ ಮತ್ತೆ ಮುಟ್ಟಲಿಲ್ಲ.

ಆ ಮೂರು ತಿಂಗಳನ್ನು ಗಮನಿಸಿ. ಜೀವನಪೂರ್ತಿ ಬಿಡುತ್ತೇನೆ ಅಂತ ಹೇಳುವ ಬದಲು ಇವತ್ತಿನ ಮಟ್ಟಿಗೆ ಹೇಳಿ. ಜೊತೆಗೆ ಡಾಕ್ಟರನ್ನು ಕಾಣಿ, ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗಿ. ಕೃಪೆ ಅಂಥ ದಾರಿಗಳಲ್ಲೂ ಬರುತ್ತದೆ.

"ಹೇಳಿದ ಪಾಪಾನೇ ಸರಿಯಾಗಿ ಹೇಳಿಲ್ಲವೇನೋ ಅಂತ ಮತ್ತೆ ಮತ್ತೆ ಭಯ. ನಿದ್ದೆ ಬರಲ್ಲ."

ಇದು ಮೇಲಿನದಕ್ಕೆ ತದ್ವಿರುದ್ಧವಾದ ಕಷ್ಟ. ಸಂತ ಇಗ್ನೇಷಿಯಸ್ 1522ರಲ್ಲಿ ಮನ್ರೇಸದಲ್ಲಿ ಇದರಲ್ಲೇ ನರಳಿದರು. ಹಳೆಯ ಪಾಪಗಳನ್ನು ಎಷ್ಟು ಸಲ ನಿವೇದಿಸಿದರೂ ಸಮಾಧಾನವಿಲ್ಲ, ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತು. ಮಾರಕ ಪಾಪ, ಅಂದರೆ ದೇವರಿಂದ ನಮ್ಮನ್ನು ಕಡಿದುಹಾಕುವ ಪಾಪ, ಆಗಲು ವಿಷಯ ಗಂಭೀರವಾಗಿರಬೇಕು, ಪೂರ್ತಿ ಗೊತ್ತಿರಬೇಕು, ಬೇಕೆಂದೇ ಮಾಡಿರಬೇಕು. ಮೂರೂ ಸೇರಬೇಕು. ತಾನಾಗಿ ನುಗ್ಗಿ ಬರುವ ಯೋಚನೆ ಪಾಪವಲ್ಲ.

ಒಬ್ಬರೇ ಗುರುಗಳ ಹತ್ತಿರ ಹೋಗಿ, ಅವರು ಸಾಕು ಅಂದರೆ ಅಲ್ಲಿಗೇ ನಿಲ್ಲಿಸಿ. ಹಳೆಯದನ್ನು ಮತ್ತೆ ಕೆದಕಬೇಡಿ. ನಿದ್ದೆ ಕೆಡುವಷ್ಟು ಆಗಿದ್ದರೆ ಮನೋವೈದ್ಯರನ್ನು ಕಾಣಿ. ಅದು ನಂಬಿಕೆಯ ಕೊರತೆಯಲ್ಲ.

"ಮೊದಲು ಪ್ರಾರ್ಥನೆಯಲ್ಲಿ ಕಣ್ಣೀರು ಬರ್ತಿತ್ತು. ಈಗ ಏನೂ ಅನ್ಸಲ್ಲ. ದೇವರು ಬಿಟ್ಟುಬಿಟ್ರಾ?"

ಮದರ್ ತೆರೇಸಾ ಬಡವರ ಸೇವೆ ಶುರು ಮಾಡಿದ ಮೇಲೆ ಹೆಚ್ಚುಕಡಿಮೆ ಐವತ್ತು ವರ್ಷ ಒಳಗೊಳಗೇ ಕತ್ತಲೆ ಅನುಭವಿಸಿದರು. ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಅದು ಲೋಕಕ್ಕೆಲ್ಲ ಗೊತ್ತಾಯಿತು. ಅಷ್ಟೂ ವರ್ಷ ಬೆಳಿಗ್ಗೆ ಪ್ರಾರ್ಥನೆಗೆ ಮೊಣಕಾಲೂರಿದರು, ಆಮೇಲೆ ಬೀದಿಗೆ ಹೋದರು. ಪುಟ್ಟ ತೆರೇಸ ಪ್ರಾರ್ಥನೆಯಲ್ಲಿ ನಿದ್ದೆ ಹೋಗುತ್ತಿದ್ದರು. ಮಲಗಿದ ಮಗುವೂ ಅಪ್ಪ ಅಮ್ಮನಿಗೆ ಎಚ್ಚರವಿರುವ ಮಗುವಿನಷ್ಟೇ ಇಷ್ಟ ಅಂತ ಬರೆದಿಟ್ಟರು. ಭಾವನೆ ಬರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಕೂತುಕೊಳ್ಳಿ.

"ಎಷ್ಟು ಒದ್ದಾಡಿದರೂ ಆಗ್ತಿಲ್ಲ. ಇದು ನನ್ನ ಪ್ರಯತ್ನಾನಾ, ದೇವರ ಕೃಪೆನಾ?"

ಮೊದಲು ಕೃಪೆ. ಪ್ರಯತ್ನ ಅದಕ್ಕೆ ನಾವು ಕೊಡುವ ಉತ್ತರ. ಮನಸ್ಸು ಗಟ್ಟಿ ಮಾಡಿಕೊಂಡರೆ ನಾನೇ ಒಳ್ಳೆಯವನಾಗಿಬಿಡುತ್ತೇನೆ ಅನ್ನುವ ಪೆಲಾಜಿಯಸ್‌ನ ವಾದವನ್ನು ಐದನೇ ಶತಮಾನದಲ್ಲೇ ಧರ್ಮಸಭೆ ತಳ್ಳಿಹಾಕಿತು. ಪೋಪ್ ಫ್ರಾನ್ಸಿಸ್ ಅದು ಇವತ್ತಿಗೂ ನಮ್ಮೊಳಗೆ ನುಸುಳುತ್ತದೆ ಅಂತ ಎಚ್ಚರಿಸಿದರು. ಲಕ್ಷಣ ಸುಲಭ. ಗೆದ್ದಾಗ ಉಳಿದವರನ್ನು ಕೀಳಾಗಿ ನೋಡುತ್ತೇವೆ, ಸೋತಾಗ ಪೂರ್ತಿ ಕುಗ್ಗಿಹೋಗುತ್ತೇವೆ. ಎರಡೂ ಕಡೆ ನಡುವೆ ಕೂತಿರುವುದು "ನಾನು". ಒದ್ದಾಟ ನಿಲ್ಲಿಸಬೇಡಿ. ಬೇಡುವುದನ್ನು ಅದಕ್ಕಿಂತ ಮೊದಲು ಶುರು ಮಾಡಿ.

"ನಮ್ಮಜ್ಜಿ ಸಂತರ ಹಾಗೆ ಬದುಕಿದರು. ಅವರ ಹತ್ತಿರ ಪ್ರಾರ್ಥಿಸಬಹುದಾ?"

ಮನೆಯಲ್ಲಿ, ನಿಮ್ಮ ಮನಸ್ಸಿನಲ್ಲಿ, ನಮಗಾಗಿ ಬೇಡಿಕೊಳ್ಳಿ ಅಂತ ಅಜ್ಜಿಯನ್ನು ಕೇಳಬಹುದು. ಅವರ ಪಟ ಪೀಠದ ಮೇಲಿಡುವುದು, ಸಾರ್ವಜನಿಕವಾಗಿ ಸಂತ ಅಂತ ಕರೆದು ಆರಾಧನೆಯಲ್ಲಿ ಗೌರವಿಸುವುದು ಮಾತ್ರ ಧರ್ಮಸಭೆ ಸಾರಿದ ಮೇಲೆ. ಆ ವಿಚಾರಣೆ ಸಾಮಾನ್ಯವಾಗಿ ತೀರಿಕೊಂಡು ಐದು ವರ್ಷವಾದ ಮೇಲೆ ಶುರುವಾಗುತ್ತದೆ. ರಕ್ತಸಾಕ್ಷಿಗಳಲ್ಲದವರಿಗೆ ಪುನೀತ ಪದವಿಗೆ (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಒಂದು ಅದ್ಭುತ, ಸಂತ ಪದವಿಗೆ ಇನ್ನೊಂದು ಬೇಕು.

ಪಟ್ಟಿಗೆ ಸೇರದ ಸಂತರಿಗೂ ಒಂದು ಹಬ್ಬವಿದೆ, ನವೆಂಬರ್ 1. ಅಂದು ಬಲಿಪೂಜೆಗೆ ಹೋಗಿ ಅಜ್ಜಿಗಾಗಿ ದೇವರಿಗೆ ಥ್ಯಾಂಕ್ಸ್ ಹೇಳಿ. ಮರುದಿನ, ಸಕಲ ಮೃತರ ಸ್ಮರಣೆಯಂದು, ಸಮಾಧಿಗೆ ಹೂವು ಇಟ್ಟು ಮೇಣದಬತ್ತಿ ಹಚ್ಚಿ ಅವರ ಆತ್ಮಕ್ಕಾಗಿಯೂ ಬೇಡಿ. ಎರಡನ್ನೂ ಮಾಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ, ಅಜ್ಜಿ ಏನು ಮಾಡುತ್ತಿದ್ದರು ಅಂತ ಅವರಿಗೆ ಹೇಳಿ.